ಅರ್ಧ ಅಂಕ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತುತ್ತೇನೆ.
ಬಿಳಿ ಡಬ್ಬಿಯ ಮೈಮೇಲೆ ಮಾರ್ಕರಿನ ಗೆರೆಗಳು:
ಸೋಮವಾರದ್ದು, ಬುಧವಾರದ್ದು, ಶುಕ್ರವಾರದ್ದು.
ಮಗುವಿನ ಎತ್ತರ ಗೋಡೆಗೆ ಗುರುತಿಟ್ಟ ಹಾಗೆ,
ಈ ಮಗು ಮಾತ್ರ ಕುಳ್ಳಾಗುತ್ತಿದೆ.

ನೆಲದ ಮೇಲೆ ಒಂದು ಹನಿ ಇಲ್ಲ.
ರಾತ್ರಿಯಿಡೀ ಅಡಿಗೆ ಹಾಸಿದ್ದ ಹಳೇ ಪ್ರಶ್ನೆಪತ್ರಿಕೆ
ಗರಿಗರಿಯಾಗೇ ಇದೆ.
ತೊಂಬತ್ತೆಂಟರ ಎಸ್ಟೀಮು, ನನ್ನದು ಮೂರನೇ ಕೈ.
ವಾರಕ್ಕೆ ಮುಕ್ಕಾಲು ಲೀಟರು ಕುಡಿದು
ಬಾಯಿ ಒರೆಸಿಕೊಂಡು ನಿಲ್ಲುತ್ತದೆ.
ನಾನೋ, ಏಳನೇ ತರಗತಿಗೆ
ವಸ್ತು ಎಲ್ಲಿಗೂ ಹೋಗಲ್ಲ, ವೇಷ ಬದಲಿಸುತ್ತೆ ಅಷ್ಟೇ
ಎಂದು ಪಾಠ ಮಾಡುವವಳು.

ಟೇಕಲ್ ರಸ್ತೆಯ ಪಿಳ್ಳಪ್ಪನ ಶೆಡ್ಡಿಗೆ ಒಯ್ದೆ.
"ನೀಳ್ಳು ಯಾಡಿಕಿ ಪೋತಾಯಿ ಮೇಡಂ,
ಇಲ್ಲೇ ಎಲ್ಲೋ ಇರ್ತವೆ" ಅಂದ.
ಬಿಸಿಯಲ್ಲಿ ಮುಚ್ಚಳ ತಿರುವಿ ಮುಖ ಬೇಯಿಸಿಕೊಂಡವರ ಕತೆ ಹೇಳುತ್ತ
ಗಾಡಿ ಆರಲು ಬಿಟ್ಟು ಟೀ ತರಿಸಿದ.

ಆಮೇಲೆ ಮುಚ್ಚಳದ ರಬ್ಬರನ್ನು ಉಗುರಿನಿಂದ ಕೆರೆದ.
ಸಂತೆಯಲ್ಲಿ ಹೀರೇಕಾಯಿ ಒತ್ತಿ ನೋಡುವಂತೆ
ಒಂದೊಂದೇ ಹೋಸು ಒತ್ತಿದ.
ವಾಟರ್ ಪಂಪಿನ ಕೆಳಗೆ ಆಡಿಸಿದ ಬೆರಳು
ಒಣಗಿಯೇ ಹೊರಬಂತು.
ಆಯಿಲ್ ಮುಚ್ಚಳ ತೆಗೆಯುವಾಗ ಮಾತ್ರ ನಾನು ಬೇರೆಲ್ಲೋ ನೋಡಿದೆ.
ಒಳಗೆ ಮಜ್ಜಿಗೆಯಂಥದ್ದು ಕಂಡರೆ ಹೆಡ್ ಗ್ಯಾಸ್ಕೆಟ್ಟು,
ಹೆಡ್ ಗ್ಯಾಸ್ಕೆಟ್ಟೆಂದರೆ ಈ ವಯಸ್ಸಿಗೆ ಗುಜರಿ.
"ಕರ್ರಗೈತೆ, ಭಯ ಬೇಡ."

ಪ್ರೆಶರ್ ಪಂಪು ಕೂರಿಸಿ ಗಾಳಿ ಒತ್ತಿದ. ಮುಳ್ಳು ಹದಿಮೂರಕ್ಕೆ ಏರಿ ನಿಂತಿತು.
ಕಾದೆವು.
ಹನ್ನೆರಡೂವರೆ.
ಹನ್ನೆರಡು.
ಎಲ್ಲೂ ಸದ್ದಿಲ್ಲ, ಎಲ್ಲೂ ತೇವವಿಲ್ಲ.

ಶೆಡ್ಡಿನಿಂದ ಬೆಟ್ಟ ಕಾಣುತ್ತದೆ.
ಅಲ್ಲಿ ಅಂತರಗಂಗೆಯ ಕಲ್ಲುಬಸವನ ಬಾಯಿಂದ ನೀರು ಬರುತ್ತದೆ,
ಎಲ್ಲಿಂದಲೋ; ಕೈಮುಗಿದು ಇಳಿದು ಬರುತ್ತೇವೆ.
ಇಲ್ಲಿ ನೀರು ಹೋಗುತ್ತದೆ ಎಲ್ಲಿಗೋ,
ಅದಕ್ಕೆ ಕೈಮುಗಿದರೆ ಸಾಲದು.

"ಗಾಡೀಲಿ ಮಿಠಾಯಿ ಇಟ್ಟಿದೀರಾ ಮಿಸ್?"
ಗಾಜು ಒರೆಸುತ್ತಿದ್ದ ಹುಡುಗ ಇಲ್ಯಾಜ್ ಕೇಳಿದ.
ಎಡಗಡೆ ಬಾಗಿಲ ಸಂದಿಯಿಂದ ಇರುವೆ ಸಾಲು,
ಸೀಟಿನ ಕೆಳಗೆ, ಚಾಪೆಯ ಅಡಿಗೆ.
ಪಿಳ್ಳಪ್ಪ ಚಾಪೆ ಎತ್ತಿ ಮೂಸಿದ.
ಸಿಹಿ ವಾಸನೆ, ಹಸಿರು, ಅಂಟು.
"ಹೀಟರ್ ಸೋರ್ತಾ ಐತೆ. ನಾಯಿ ಗೀಯಿ ನೆಕ್ಕೀತು, ವಿಷ ಇದು."

ಕೋಲಾರದಲ್ಲಿ ಹೀಟರು ಯಾರಿಗೆ ಬೇಕು?
ಒಂದು ದಿನವೂ ಹಾಕಿದವಳಲ್ಲ ನಾನು.
ಹಾಕದಿದ್ದರೂ ನೀರು ಪಾಪ
ಅದರ ಮನೆಗೂ ದಿನಾ ಹೋಗಿ ಬರುತ್ತಿತ್ತಂತೆ.
ಗಾಜಿನ ಒಳಮೈಗೆ ಕವಿದಿದ್ದು ಮಾಗಿಯ ಮಂಜಲ್ಲ,
ನನ್ನ ಮುಕ್ಕಾಲು ಲೀಟರು;
ಸೆರಗಿನಿಂದ ನಾನೇ ಒರೆಸುತ್ತಿದ್ದೆ.

ಎಡಗಡೆ ಸರಳಾಕ್ಷಿ ಕೂರುತ್ತಿದ್ದಳು, ಮುಳಬಾಗಿಲವರೆಗೆ.
ಇದ್ದಿದ್ದರೆ ಮೊದಲ ದಿನವೇ
"ಏನೇ ಇದು, ಕಾಲೆಲ್ಲ ಒದ್ದೆ" ಎಂದು ರೇಗಿರುತ್ತಿದ್ದಳು.
ಜೂನಿನಲ್ಲಿ ಬಂಗಾರಪೇಟೆಗೆ ವರ್ಗವಾಯಿತು.
ಆಮೇಲೆ ಅಲ್ಲಿ ಕಾಲಿಟ್ಟಿದ್ದು ನನ್ನ ಚೀಲ,
ಚೀಲ ಮಾತಾಡುವುದಿಲ್ಲ.

ಡ್ಯಾಷ್‌ಬೋರ್ಡು ಬಿಚ್ಚಿದರೆ ಎರಡು ದಿನ, ನಾಲ್ಕು ಸಾವಿರ.
ಬದಲಿಗೆ ಎರಡು ಹೋಸಿಗೂ ಒಂದೇ ಬಾಗಿದ ಪೈಪು ತೊಡಿಸಿ
ಕ್ಲಿಪ್ಪು ಬಿಗಿದ: "ಬೈಪಾಸ್. ನಮ್ಮೂರಿಗೆ ಮಾಡಿಲ್ವಾ, ಹಂಗೇ."
ಮುಳ್ಳು ಹದಿಮೂರಕ್ಕೇ ಅಂಟಿಕೊಂಡಿತು.
ಟೀ ಆರಿ ಕೆನೆಗಟ್ಟಿತ್ತು, ಕುಡಿದೆ.

ರಾತ್ರಿ ಚೀಲ ಒಣಹಾಕುವಾಗ
ತಳದಲ್ಲಿ ನಾರೆಪ್ಪನ ನೋಟ್‌ಬುಕ್ಕು, ಏಳನೇ ಬಿ.
ಕೆಳಗಿನ ಅಂಚು ಉಬ್ಬಿ, ಶಾಯಿ ಹರಡಿ,
ಆವಿಯಾಗುವಿಕೆಯ ಚಿತ್ರ ಕೆರೆಯಾಗಿದೆ.
ಪಕ್ಕದಲ್ಲಿ ನನ್ನದೇ ಕೆಂಪಕ್ಷರ:
ಗಲೀಜು. ನೀರು ಚೆಲ್ಲಬೇಡ. ಅರ್ಧ ಅಂಕ ಕಡಿತ.
ಹುಡುಗ ನಿಂತಿದ್ದ, "ನಾನಲ್ಲ ಮಿಸ್" ಅನ್ನಲೂ ಇಲ್ಲ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಅಂಕ ತಿದ್ದುವುದು ಸುಲಭ.
ಪಕ್ಕದಲ್ಲಿ ಏನು ಬರೆಯಲಿ?
ಹೀಟರ್ ಎಂದು ಬರೆದು, ಹೊಡೆದು ಹಾಕಿ,
ತಪ್ಪು ನನ್ನದು ಎಂದು ಬರೆದೆ.